ಹನ್ನೊಂದು ಕೊತ್ತಲಗಳ ಊರಿನಲ್ಲಿ ಜನರಲ್ ತಿಮ್ಮಯ್ಯ

ನಿಕೋಸಿಯಾದ ಕೋಟೆಗೆ ಹನ್ನೊಂದು ಕೊತ್ತಲಗಳು. ಐದು ಗ್ರೀಕರ ಕಡೆ, ಐದು ತುರ್ಕರ ಕಡೆ, ಉಳಿದೊಂದು ಯಾರ ಕಡೆಗೂ ಇಲ್ಲ. ಫ್ಲಾತ್ರೊ ಎಂಬ ಹೆಸರಿನ ಆ ಹನ್ನೊಂದನೆಯ ಕೊತ್ತಲ ನೀಲಿ ಟೋಪಿಯ ವಿಶ್ವಸಂಸ್ಥೆ ಸೈನಿಕರ ಸುಪರ್ದಿಯಲ್ಲಿದೆ.

ಮೆಡಿಟರೇನಿಯನ್ ಸಮುದ್ರದ ಪೂರ್ವದ ಮೂಲೆಯಲ್ಲಿರುವ ಸೈಪ್ರಸ್ ದ್ವೀಪದ ರಾಜಧಾನಿ ಇದು. ಸುತ್ತ ಸಮುದ್ರವಿರುವ ದೇಶವಾದರೂ ರಾಜಧಾನಿಗೆ ಕಡಲ ದಂಡೆಯಿಲ್ಲ. ಉತ್ತರಕ್ಕೆ ಪೆಂಟಡಾಕ್ಟಿಲಸ್, ನೈಋತ್ಯಕ್ಕೆ ಟ್ರೂಡೋಸ್ ಎಂಬ ಬೆಟ್ಟಸಾಲುಗಳು. ನಡುವಿನ ಬಯಲಿನಲ್ಲಿ ಊರು. ಹೀಗಾಗಿ ಕಡಲ ದಂಡೆಗಾಗಿ ಬರುವ ಪ್ರವಾಸಿಗರು ಲಾರ್ನಕಾ, ಲಿಮಸೋಲ್, ಪಾಫೋಸ್‌ಗಳಲ್ಲೇ ಉಳಿದು, ನಿಕೋಸಿಯಾಕ್ಕೆ ಬಂದರೂ ಅರ್ಧ ದಿನದಲ್ಲಿ ನೋಡಿ ಮುಗಿಸುತ್ತಾರೆ. ಕೊಡಗಿನಿಂದ ಹೋದವರು ಮಾತ್ರ ಹಾಗೆ ಮಾಡಬಾರದು. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು ಕೊನೆಯುಸಿರೆಳೆದದ್ದು ಈ ಊರಿನಲ್ಲಿ, 1965ರ ಡಿಸೆಂಬರ್ 18ರಂದು, ಸೇವೆಯಲ್ಲಿದ್ದಾಗಲೇ.

ಕೊಡಗಿನಲ್ಲಿ ತಿಮ್ಮಯ್ಯನವರ ಹೆಸರಿಗೆ ಬರವಿಲ್ಲ. ಮಡಿಕೇರಿಯಲ್ಲಿ ಅವರ ಪ್ರತಿಮೆಯಿದೆ, ವೃತ್ತವಿದೆ. ಅವರ ಮನೆ ‘ಸನ್ನಿ ಸೈಡ್’ ಬಹಳ ಕಾಲ ಸಾರಿಗೆ ಕಚೇರಿಯಾಗಿತ್ತು. ಅದೀಗ ಸ್ಮಾರಕ ಸಂಗ್ರಹಾಲಯ. 2021ರ ಫೆಬ್ರುವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ಉದ್ಘಾಟಿಸಿದರು. ಅವರ ಕಥೆ ಹೇಳಲು ಕೂತರೆ ನಾವು ಮೊದಲು ಎತ್ತುವುದು 1948ರ ಜೋಜಿಲಾ. ಹನ್ನೊಂದು ಸಾವಿರ ಅಡಿಗೂ ಎತ್ತರದ ಹಿಮದ ಕಣಿವೆಗೆ ಟ್ಯಾಂಕ್ ಹತ್ತಿಸಿ ಶತ್ರುವನ್ನು ಬೆಚ್ಚಿಬೀಳಿಸಿದ ನವೆಂಬರ್ 1ರ ಆ ದಿನ. ಆಮೇಲೆ 1957ರಿಂದ 1961ರವರೆಗಿನ ಸೇನಾ ಮುಖ್ಯಸ್ಥಗಿರಿ, ರಕ್ಷಣಾ ಸಚಿವ ಕೃಷ್ಣ ಮೆನನ್ ಜತೆಗಿನ ಜಟಾಪಟಿ, 1959ರಲ್ಲಿ ಕೊಟ್ಟು ಹಿಂಪಡೆದ ರಾಜೀನಾಮೆ. ಸೈಪ್ರಸ್ ಬರುವ ಹೊತ್ತಿಗೆ ಹೇಳುವವರ ಉಸಿರು ಮುಗಿದಿರುತ್ತದೆ. ‘ಅಲ್ಲಿಯೇ ತೀರಿಕೊಂಡರು’ ಎಂಬ ಒಂದು ಸಾಲಿನಲ್ಲಿ ಹದಿನೇಳು ತಿಂಗಳ ಕೆಲಸ ಮುಚ್ಚಿಹೋಗುತ್ತದೆ. ನನಗೆ ಆ ಒಂದು ಸಾಲು ಸಾಲದು ಅನಿಸುತ್ತದೆ. ಬಂದೂಕನ್ನು ಪೂಜಿಸುವ ನಾಡಿನ ಈ ದಂಡನಾಯಕ ತನ್ನ ಬದುಕಿನ ಕೊನೆಯ ಹುದ್ದೆಯಲ್ಲಿ ಮಾಡಿದ್ದು ಬಂದೂಕುಗಳು ಸಿಡಿಯದಂತೆ ನೋಡಿಕೊಳ್ಳುವ ಕೆಲಸ. ಜೋಜಿಲಾಕ್ಕಿಂತ ಅದು ಕಡಿಮೆಯದಲ್ಲ.

ನೆತ್ತಿಯ ಮೇಲಿನಿಂದ ನೋಡಿದರೆ ನಿಕೋಸಿಯಾದ ಹಳೆಯ ಊರು ನಿಖರವಾದ ವೃತ್ತ. ಮಡಿಕೇರಿ ಕೋಟೆಯನ್ನು ಮುದ್ದುರಾಜನ ಮಣ್ಣಿನ ಗೋಡೆಯಿಂದ ಹಿಡಿದು ಟಿಪ್ಪುವಿನ ಕಲ್ಲಿನ ಗೋಡೆಯವರೆಗೆ ಕಾಲಕಾಲಕ್ಕೆ ಕಟ್ಟುತ್ತ ಬಂದರು. ನಿಕೋಸಿಯಾದ್ದು ಹಾಗಲ್ಲ, ಒಂದೇ ಏಟಿಗೆ ನಕ್ಷೆ ಹಾಕಿ ಎಬ್ಬಿಸಿದ್ದು. 1489ರಿಂದ ದ್ವೀಪ ವೆನಿಸ್ ಗಣರಾಜ್ಯದ ಕೈಯಲ್ಲಿತ್ತು. ಒಟ್ಟೋಮನ್ ದಾಳಿ ಇಂದೋ ನಾಳೆಯೋ ಎನ್ನುವಂತಾದಾಗ, 1567ರಲ್ಲಿ ಜೂಲಿಯೊ ಸಾವೊರ್ನ್ಯಾನೊ ಎಂಬ ಎಂಜಿನಿಯರನ್ನು ವೆನಿಸ್ ಕರೆಸಿತು. ಅವನು ಸುಮಾರು ಮೂರು ಮೈಲಿ ಸುತ್ತಳತೆಯ ವೃತ್ತ ಎಳೆದ. ಬಾಣದ ತುದಿಯಂತೆ ಹೊರಚಾಚಿದ ಹನ್ನೊಂದು ಕೊತ್ತಲ, ಮೂರೇ ಬಾಗಿಲು. ಊರಿನ ನಡುವೆ ಹರಿಯುತ್ತಿದ್ದ ಪೆಡಿಯೋಸ್ ಹೊಳೆಯನ್ನು ಹೊರಗೆ ತಿರುಗಿಸಿದ. ವೃತ್ತದ ಆಚೆ ಉಳಿದ ಮನೆ, ಚರ್ಚು, ಮಠಗಳನ್ನು ಕೆಡವಿದರು. ಫಿರಂಗಿಗೆ ಎದುರು ಬಯಲು ಬೇಕಲ್ಲ! ಹಳೆಯ ಲುಸಿನ್ಯಾನ್ ದೊರೆಗಳ ಸಮಾಧಿಗಳಿದ್ದ ಮಠವೂ ಹೀಗೆ ನೆಲಸಮವಾಯಿತು.

ಇಷ್ಟೆಲ್ಲ ಕಳೆದುಕೊಂಡು ಕಟ್ಟಿದ ಗೋಡೆ ಮೂರು ವರ್ಷವೂ ತಡೆಯಲಿಲ್ಲ. ಕಲ್ಲಿನ ಹೊದಿಕೆ ಅರ್ಧ ಎತ್ತರಕ್ಕೆ ಬಂದಿತ್ತು, ಮೇಲಿನದು ಬರೀ ಮಣ್ಣು. ಆರೇಳು ವಾರಗಳ ಮುತ್ತಿಗೆಯ ಬಳಿಕ 1570ರ ಸೆಪ್ಟೆಂಬರ್ 9ರಂದು ಊರು ಬಿತ್ತು. ಶ್ರೀರಂಗಪಟ್ಟಣದ ಒಡೆದ ಕೋಟೆಗೋಡೆಯ ಬಳಿ ನಿಂತು ಬಂದವರಿಗೆ ಇದರ ಉಳಿದ ವಿವರ ಬೇಕಾಗದು.

ಕೊತ್ತಲಗಳಿಗೆ ಕಾಲ ಬೇರೆ ಬೇರೆ ಕೆಲಸ ಕೊಟ್ಟಿದೆ. ಡಾವಿಲಾ ಕೊತ್ತಲದ ಮೇಲೆ ಪುರಭವನ ನಿಂತಿದೆ, ಕೋಸ್ತಾಂಜಾ ಮೇಲೆ ಮಸೀದಿ. ಒಣಗಿದ ಕಂದಕದ ಒಂದು ಭಾಗವನ್ನು ಜಾಹಾ ಹದೀದ್ ಅವರ ವಿನ್ಯಾಸದಂತೆ ಚೌಕ, ಉದ್ಯಾನಗಳಾಗಿ ಮಾಡಿದ್ದಾರೆ. ಸಂಜೆ ಅಲ್ಲಿ ಮಕ್ಕಳು ಸ್ಕೇಟಿಂಗ್ ಮಾಡುತ್ತಿರುತ್ತಾರೆ. ಅಲ್ಲಿಂದ ಉತ್ತರಕ್ಕೆ ಹೊರಡುವುದೇ ಲೆದ್ರಾ ಬೀದಿ.

ಬೀದಿಯ ನಡುವಿನ ಗೆರೆ

ಲೆದ್ರಾ ಬೀದಿ ವಾಹನಗಳಿಲ್ಲದ ಪೇಟೆ ಬೀದಿ. ಬಟ್ಟೆ ಅಂಗಡಿ, ಐಸ್‌ಕ್ರೀಂ, ಚಪ್ಪಲಿ. ಸ್ವಲ್ಪ ದೂರ ನಡೆದರೆ ಹಠಾತ್ತನೆ ಒಂದು ಪೊಲೀಸ್ ಗೂಡು. ಪಾಸ್‌ಪೋರ್ಟ್ ತೋರಿಸಿ ಮುಂದೆ ಹೋಗಬೇಕು. ಎಡಬಲದಲ್ಲಿ ಬಾಗಿಲು ಮುಚ್ಚಿದ ಮನೆಗಳು, ಅವುಗಳ ಮುಂದೆ ಹೂಕುಂಡಗಳ ಸಾಲು. ಹತ್ತಾರು ಹೆಜ್ಜೆಗಳ ಆಚೆ ಇನ್ನೊಂದು ಗೂಡು, ಇನ್ನೊಂದು ಧ್ವಜ, ಮತ್ತೆ ಪಾಸ್‌ಪೋರ್ಟ್. ಅಲ್ಲಿಂದಾಚೆಗೆ ಅದೇ ಪೇಟೆ, ಹಣ ಮಾತ್ರ ಲಿರಾ. 2008ರ ಏಪ್ರಿಲ್ 3ರವರೆಗೆ ಈ ದಾರಿಯೂ ಇರಲಿಲ್ಲ.

ಪೇಟೆ ಬಿಟ್ಟು ಪಕ್ಕದ ಗಲ್ಲಿಗಳಿಗೆ ಇಳಿದರೆ ಗೆರೆ ಇನ್ನೂ ಹತ್ತಿರದಿಂದ ಕಾಣುತ್ತದೆ. ಹಳದಿ ಮರಳುಗಲ್ಲಿನ ಮನೆ, ಕಬ್ಬಿಣದ ಕಂಬಿಯ ಬಾಲ್ಕನಿ, ಗೋಡೆಗೆ ಆನಿಸಿಟ್ಟ ಸೈಕಲ್. ಗಲ್ಲಿ ಹೀಗೇ ಹೋಗುತ್ತದೆ ಅಂದುಕೊಳ್ಳುವಷ್ಟರಲ್ಲಿ ಎದುರಿಗೆ ಅಡ್ಡಗಟ್ಟೆ. ಕಾಂಕ್ರೀಟು ತುಂಬಿದ ಎಣ್ಣೆ ಪೀಪಾಯಿಗಳನ್ನು ಒಂದರ ಮೇಲೊಂದು ಪೇರಿಸಿ ನೀಲಿ ಬಿಳಿ ಬಣ್ಣ ಬಳಿದಿದ್ದಾರೆ. ಮೇಲೆ ಮುಳ್ಳುತಂತಿ, ಫೋಟೊ ತೆಗೆಯಬಾರದೆಂಬ ಫಲಕ. ಮರಳು ಚೀಲಗಳು ಹರಿದು ಒಳಗಿನಿಂದ ಹುಲ್ಲು ಬೆಳೆದಿದೆ. ಪಕ್ಕದ ಮನೆಯ ಗೋಡೆಯಲ್ಲಿ ಗುಂಡು ತಾಗಿದ ಕುಳಿಗಳು, ಅದೇ ಗೋಡೆಗೆ ಹೊಡೆದ ಮೊಳೆಯಲ್ಲಿ ತುಳಸಿಯ ಜಾತಿಯ ಗಿಡವಿರುವ ಡಬ್ಬಿ. ಇಡೀ ದ್ವೀಪವನ್ನು ಸುಮಾರು 180 ಕಿಲೋಮೀಟರ್ ಉದ್ದಕ್ಕೆ ಸೀಳುವ ಈ ನಡುಪಟ್ಟಿ ಕೆಲವೆಡೆ ಏಳು ಕಿಲೋಮೀಟರಿಗೂ ಅಗಲ. ಈ ಹಳೆಯ ಊರಿನ ಗಲ್ಲಿಗಳಲ್ಲಿ ಅದು ಮೂರು ಚಿಲ್ಲರೆ ಮೀಟರಿಗೆ ಇಳಿಯುತ್ತದೆ. ಇತ್ತ ಕಡೆ ಕೆಮ್ಮಿದರೆ ಅತ್ತ ಕಡೆ ಕೇಳಿಸುವ ದೂರ.

ಗೆರೆ ಬಿದ್ದದ್ದು ಹೀಗೆ. ಬ್ರಿಟಿಷರಿಂದ 1960ರ ಆಗಸ್ಟ್ 16ರಂದು ಸ್ವಾತಂತ್ರ್ಯ ಪಡೆದ ಸೈಪ್ರಸ್‌ನಲ್ಲಿ ಹತ್ತರಲ್ಲಿ ಎಂಟು ಮಂದಿ ಗ್ರೀಕ್ ಮಾತಿನ ಕ್ರೈಸ್ತರು, ಸುಮಾರು ಇಬ್ಬರು ಟರ್ಕಿ ಮಾತಿನ ಮುಸ್ಲಿಮರು. ಅಧ್ಯಕ್ಷ ಆರ್ಚ್‌ಬಿಷಪ್ ಮಕಾರಿಯೋಸ್, ಉಪಾಧ್ಯಕ್ಷ ಫಾಜಿಲ್ ಕುಚುಕ್. ಸಂವಿಧಾನದ ಅಧಿಕಾರ ಹಂಚಿಕೆ ಮೂರು ವರ್ಷದಲ್ಲೇ ಮುರಿಯಿತು. 1963ರ ಕ್ರಿಸ್‌ಮಸ್ ವಾರದಲ್ಲಿ ನಿಕೋಸಿಯಾದ ಬೀದಿಗಳಲ್ಲಿ ಗುಂಡು ಹಾರಿತು. ಡಿಸೆಂಬರ್ 30ರಂದು ಬ್ರಿಟಿಷ್ ಮೇಜರ್ ಜನರಲ್ ಪೀಟರ್ ಯಂಗ್ ಊರಿನ ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಿಂದ ಕದನವಿರಾಮದ ಗೆರೆ ಎಳೆದ. ಇವತ್ತಿಗೂ ಅದು ‘ಗ್ರೀನ್ ಲೈನ್’. 1964ರ ಮಾರ್ಚ್ 4ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 186ನೇ ನಿರ್ಣಯದ ಮೂಲಕ ಶಾಂತಿಪಾಲನಾ ಪಡೆ ರಚಿಸಿತು. ಮೊದಲ ಅವಧಿ ಮೂರೇ ತಿಂಗಳು. ಅರವತ್ತು ವರ್ಷ ದಾಟಿದರೂ ಆ ಪಡೆ ಅಲ್ಲೇ ಇದೆ.

ಮೊದಲ ದಂಡನಾಯಕ ಭಾರತದ ಲೆಫ್ಟಿನೆಂಟ್ ಜನರಲ್ ಪಿ.ಎಸ್. ಗ್ಯಾನಿ. ಎರಡನೆಯವರು, 1964ರ ಜುಲೈಯಿಂದ, ತಿಮ್ಮಯ್ಯ. ಸೇನೆಯಿಂದ ನಿವೃತ್ತರಾಗಿ ಮೂರು ವರ್ಷವಾಗಿತ್ತು, ವಯಸ್ಸು ಐವತ್ತೆಂಟು.

ಗುಂಡು ಹಾರಿಸಬಾರದ ದಂಡು

ವಿಶ್ವಸಂಸ್ಥೆ ಅವರನ್ನು ಕರೆದದ್ದಕ್ಕೆ ಹಿನ್ನೆಲೆಯಿತ್ತು. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ, ತಮ್ಮ ದೇಶಕ್ಕೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ವಿಚಾರ ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರೇ ಅಧ್ಯಕ್ಷರು. ಎರಡೂ ಬಣಗಳ ಅನುಮಾನದ ನಡುವೆ ಕೂತು ಮಾಡಿದ ಕೆಲಸ ಅದು. ಇಬ್ಬರಿಗೂ ಪೂರ್ತಿ ಬೇಡದವನಾಗಿ, ಇಬ್ಬರೊಡನೆಯೂ ಮಾತು ಬಿಡದವನಾಗಿ ಇರುವ ವಿದ್ಯೆ ಅವರಿಗೆ ಅಲ್ಲಿ ಸಿದ್ಧಿಸಿತ್ತು.

ಸೈಪ್ರಸ್‌ನಲ್ಲಿ ಅವರ ಕೈಕೆಳಗಿದ್ದದ್ದು ಸುಮಾರು ಆರು ಸಾವಿರ ಮಂದಿ. ಬ್ರಿಟನ್, ಕೆನಡಾ, ಐರ್ಲೆಂಡ್, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್ ದೇಶಗಳ ಸೈನಿಕರು, ಜತೆಗೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮುಂತಾದೆಡೆಯ ಪೊಲೀಸರು. ಒಬ್ಬೊಬ್ಬರ ಕವಾಯತೂ ಬೇರೆ, ಊಟವೂ ಬೇರೆ. ಅವರ ಹೆಗಲಲ್ಲಿ ಬಂದೂಕು ಇತ್ತು, ಆದರೆ ಆತ್ಮರಕ್ಷಣೆಗಲ್ಲದೆ ಅದನ್ನು ಬಳಸುವಂತಿರಲಿಲ್ಲ. ಬಂದ ಮರುತಿಂಗಳೇ ಪರೀಕ್ಷೆ ಎದುರಾಯಿತು. ವಾಯವ್ಯ ಕರಾವಳಿಯ ಕೊಕ್ಕಿನಾ ಸುತ್ತ ಗ್ರೀಕ್ ಸೈಪ್ರಿಯಾಟರ ನ್ಯಾಷನಲ್ ಗಾರ್ಡ್ ಮುನ್ನುಗ್ಗಿತು. ಆಗಸ್ಟ್ 8 ಮತ್ತು 9ರಂದು ಟರ್ಕಿಯ ವಿಮಾನಗಳು ಆಕಾಶದಿಂದ ಬಾಂಬು ಸುರಿದವು. ಗ್ರೀಸ್, ಟರ್ಕಿ ಎರಡೂ ನೇಟೊ ಸದಸ್ಯರು. ಯುದ್ಧ ಹಬ್ಬಿದ್ದರೆ ದ್ವೀಪದಲ್ಲಿ ನಿಲ್ಲುತ್ತಿರಲಿಲ್ಲ. ಭದ್ರತಾ ಮಂಡಳಿಯ ಕರೆಗೆ ಕದನವಿರಾಮವೇನೋ ಆಯಿತು. ಆ ವಿರಾಮವನ್ನು ನೆಲದ ಮೇಲೆ, ಹಳ್ಳಿಹಳ್ಳಿಯಲ್ಲಿ ಉಳಿಸಿಕೊಳ್ಳುವುದು ತಿಮ್ಮಯ್ಯನವರ ಪಾಲಿಗೆ ಬಂತು.

ಉಳಿಸಿಕೊಂಡ ಬಗೆಯಲ್ಲಿ ಜೋಜಿಲಾದ ರೋಚಕತೆ ಇಲ್ಲ. ಕಿರೆನಿಯಾ ರಸ್ತೆಯನ್ನೇ ನೋಡಿ. ನಿಕೋಸಿಯಾದಿಂದ ಉತ್ತರದ ಕಿರೆನಿಯಾ ಬಂದರಿಗೆ ಇಪ್ಪತ್ತೈದು ಕಿಲೋಮೀಟರಿನಷ್ಟು ದಾರಿ. ನಡುವಿನ ಕಣಿವೆ ತುರ್ಕಿ ಹೋರಾಟಗಾರರ ಹಿಡಿತದಲ್ಲಿದ್ದುದರಿಂದ ಗ್ರೀಕರಿಗೆ ಆ ರಸ್ತೆ ಮುಚ್ಚಿಹೋಗಿತ್ತು. ತಿಂಗಳುಗಟ್ಟಲೆ ಮಾತುಕತೆಯ ಬಳಿಕ 1964ರ ಅಕ್ಟೋಬರ್ ಕೊನೆಗೆ ರಸ್ತೆ ವಿಶ್ವಸಂಸ್ಥೆಯ ಕೈಗೆ ಬಂತು. ಅಲ್ಲಿ ಬೇರೆ ಯಾರೂ ಆಯುಧ ಹಿಡಿಯುವಂತಿಲ್ಲ. ಗ್ರೀಕರ ಕಾರು, ಬಸ್ಸುಗಳು ಗೊತ್ತಾದ ಹೊತ್ತಿಗೆ ಸಾಲಾಗಿ ನಿಲ್ಲಬೇಕು, ಮುಂದೊಂದು, ಹಿಂದೊಂದು ನೀಲಿ ಬಾವುಟದ ಜೀಪು, ಸಾಲು ಹೊರಡಬೇಕು. ಮಾರುಕಟ್ಟೆಗೆ, ಆಸ್ಪತ್ರೆಗೆ, ಮಗಳ ಮನೆಗೆ ಹೋಗುವ ಜನ ಹೀಗೆ ದಿನವೂ ಸಂಚರಿಸಿದರು.

ಇನ್ನೊಂದು ಕೆಲಸ ಕೊಯ್ಲಿನದು. ಮನೆ ಒಂದು ಕಡೆ, ಹೊಲ ಇನ್ನೊಂದು ಕಡೆ ಆದವರು ಪೈರಿಗೆ ಕೈಹಾಕಲು ಹೆದರುತ್ತಿದ್ದರು. ಶಾಂತಿಪಾಲಕರು ಹೊಲದ ಬದುವಿನಲ್ಲಿ ನಿಂತು, ರೈತ ಕೊಯ್ದು ಮುಗಿಸುವವರೆಗೆ ಕಾದು, ಮನೆಗೆ ಮುಟ್ಟಿಸಿ ಬರುತ್ತಿದ್ದರು. ನಿಂತುಹೋದ ಅಂಚೆ ವ್ಯವಸ್ಥೆ ಮತ್ತೆ ನಡೆಯುವಂತೆ ಎರಡೂ ಕಡೆಯವರನ್ನು ಒಪ್ಪಿಸುವುದು, ನೀರು ವಿದ್ಯುತ್ತಿನ ತಗಾದೆ ಬಿಡಿಸುವುದು, ತುರ್ಕರ ಕೇರಿಗಳಿಗೆ ಸಿಮೆಂಟು ಕಬ್ಬಿಣ ಹೋಗದಂತೆ ಸರ್ಕಾರ ಹಾಕಿದ್ದ ನಿರ್ಬಂಧವನ್ನು ಚೂರುಚೂರಾಗಿ ಸಡಿಲಿಸಲು ಮಾತಾಡುವುದು, ಇವೂ ಸೇನೆಯ ಕೆಲಸಗಳಾದವು. ಆ ಹೊತ್ತಿಗೆ ಸುಮಾರು 25 ಸಾವಿರ ತುರ್ಕಿ ಸೈಪ್ರಿಯಾಟರು ತಮ್ಮ ಊರು ಬಿಟ್ಟು ಕೇರಿಗಳಲ್ಲಿ, ಡೇರೆಗಳಲ್ಲಿ ಇದ್ದರು. ಅಲ್ಲಿಗೆ ಹೋಗುವ ಒಂದು ಲಾರಿ ಸಿಮೆಂಟಿಗೆ ಎಷ್ಟು ಮಹತ್ವ ಎಂಬುದನ್ನು 2018ರ ಆಗಸ್ಟ್ ಮಳೆಯಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡ ನಮ್ಮವರಿಗೆ ವಿವರಿಸಬೇಕಿಲ್ಲ.

ಕೊಡಗಿನಲ್ಲಿ ಸೆಪ್ಟೆಂಬರ್ ಮೊದಲ ವಾರ ಕೈಲ್ ಪೊಳ್ದ್. ನೆಲ್ಲಕ್ಕಿ ಬಾಡೆಯಲ್ಲಿ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಸಾಲಾಗಿಟ್ಟು, ಕೋವಿಯ ನಳಿಗೆಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುತ್ತೇವೆ. ಗಂಡು ಕೂಸು ಹುಟ್ಟಿದರೆ ಒಂದು ಗುಂಡು, ಸಾವಾದರೆ ಬೆನ್ನುಬೆನ್ನಿಗೆ ಎರಡು. ಕೋವಿಯ ಸದ್ದಿನಿಂದಲೇ ಸುದ್ದಿ ತಿಳಿಯುವ ನಾಡಿದು. ಈ ನಾಡಿನಲ್ಲಿ ಬೆಳೆದ ಮನುಷ್ಯನಿಗೆ ಕೋವಿಯ ಬೆಲೆ ಚೆನ್ನಾಗಿ ಗೊತ್ತಿರುತ್ತದೆ, ಯಾವಾಗ ಅದು ಗೋಡೆಯ ಮೇಲೇ ಇರಬೇಕು ಎಂಬುದೂ ಗೊತ್ತಿರುತ್ತದೆ. ಅರಾಕಾನಿನ ಕಾಡಿನಲ್ಲಿ ಜಪಾನೀಯರ ವಿರುದ್ಧ ಬ್ರಿಗೇಡ್ ನಡೆಸಿದ ತಿಮ್ಮಯ್ಯನವರು ಸೈಪ್ರಸ್‌ನಲ್ಲಿ ಆ ಎರಡನೆಯ ತಿಳಿವಳಿಕೆಯನ್ನು ಕೆಲಸಕ್ಕೆ ಹಚ್ಚಿದರು ಎಂದೇ ನಾನು ನಂಬಿದ್ದೇನೆ.

ಹೃದಯಾಘಾತ ಅವರನ್ನು ಒಯ್ದಾಗ ಐವತ್ತೊಂಬತ್ತು ವಯಸ್ಸು. ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತಂದರು. ಮರುವರ್ಷ, 1966ರಲ್ಲಿ, ಸೈಪ್ರಸ್ ಸರ್ಕಾರ ಅವರ ಚಿತ್ರವಿರುವ ಅಂಚೆಚೀಟಿ ಹೊರಡಿಸಿತು. ಹೊಸದಾಗಿ ಹುಟ್ಟಿದ, ಒಳಗೇ ಒಡೆದ ಪುಟ್ಟ ದೇಶವೊಂದು ಹೊರನಾಡಿನ ಸೈನಿಕನಿಗೆ ಕೊಟ್ಟ ಗೌರವ ಅದು. 1969ರಿಂದ 1976ರವರೆಗೆ ಆ ಪಡೆಯನ್ನು ನಡೆಸಿದ ದಿವಾನ್ ಪ್ರೇಮ್ ಚಂದ್ ಕೂಡ ಭಾರತೀಯರೇ.

ಕೆಟ್ಟ ಗಳಿಗೆ ಬಂದದ್ದು ಪ್ರೇಮ್ ಚಂದ್ ಅವರ ಕಾಲದಲ್ಲಿ. 1974ರ ಜುಲೈ 15ರಂದು ಗ್ರೀಸಿನ ಸೇನಾಡಳಿತದ ಕುಮ್ಮಕ್ಕಿನಿಂದ ಮಕಾರಿಯೋಸ್ ವಿರುದ್ಧ ಕ್ಷಿಪ್ರಕ್ರಾಂತಿ, 20ರಂದು ಟರ್ಕಿಯ ಸೇನೆ ದ್ವೀಪಕ್ಕೆ. ಉತ್ತರದಲ್ಲಿ ದ್ವೀಪದ ಮೂರನೇ ಒಂದಕ್ಕಿಂತ ಹೆಚ್ಚು ಭಾಗ ಟರ್ಕಿಯ ಹಿಡಿತಕ್ಕೆ ಹೋಯಿತು. ಲಕ್ಷಾಂತರ ಗ್ರೀಕರು ದಕ್ಷಿಣಕ್ಕೆ, ಹತ್ತಾರು ಸಾವಿರ ತುರ್ಕರು ಉತ್ತರಕ್ಕೆ. ತಿಮ್ಮಯ್ಯನವರು ಬರುವ ಮೊದಲೇ ಊರಿನ ಮೇಲೆ ಎಳೆದಿದ್ದ ಗೆರೆ ದ್ವೀಪದ ಆಚೆ ತುದಿಯವರೆಗೆ ಬೆಳೆಯಿತು. ನಿಕೋಸಿಯಾದ ವಿಮಾನ ನಿಲ್ದಾಣ ಆಗಲೇ ಮುಚ್ಚಿತು. ಸೈಪ್ರಸ್ ಏರ್‌ವೇಸ್‌ನ ಒಂದು ಟ್ರೈಡೆಂಟ್ ವಿಮಾನ ಇಂದಿಗೂ ಅಲ್ಲೇ ಮೈದಾನದಲ್ಲಿ ತುಕ್ಕು ಹಿಡಿಯುತ್ತಿದೆ. ಅದೇ ಆವರಣದಲ್ಲಿ ಕಾಣೆಯಾದವರ ಸಮಿತಿಯ ಪ್ರಯೋಗಾಲಯವಿದೆ. 1963–64 ಮತ್ತು 1974ರಲ್ಲಿ ಕಾಣೆಯಾದವರ ಪಟ್ಟಿಯಲ್ಲಿ 2,002 ಹೆಸರು: 1,510 ಗ್ರೀಕ್ ಸೈಪ್ರಿಯಾಟರು, 492 ತುರ್ಕಿ ಸೈಪ್ರಿಯಾಟರು. ಎರಡೂ ಸಮುದಾಯದ ವಿಜ್ಞಾನಿಗಳು ಒಂದೇ ಮೇಜಿನ ಮೇಲೆ ಮೂಳೆಗಳನ್ನು ಜೋಡಿಸಿ, ಡಿಎನ್‌ಎ ಹೋಲಿಸಿ, ಒಂದು ಸಾವಿರಕ್ಕೂ ಹೆಚ್ಚು ಮಂದಿಯ ಅವಶೇಷಗಳನ್ನು ಮನೆಯವರಿಗೆ ಮರಳಿಸಿದ್ದಾರೆ.

ಆಚೆ ಬದಿ

ಲೆದ್ರಾ ದಾಟಿ ಉತ್ತರಕ್ಕೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಸೆಲಿಮಿಯೆ ಮಸೀದಿಯ ಜೋಡಿ ಮಿನಾರುಗಳು. ಕೆಳಗಿನ ಕಟ್ಟಡ ಮಾತ್ರ ಅಪ್ಪಟ ಫ್ರೆಂಚ್ ಗಾಥಿಕ್ ಚರ್ಚು, ಹದಿಮೂರನೇ ಶತಮಾನದ ಸೇಂಟ್ ಸೋಫಿಯಾ. ಲುಸಿನ್ಯಾನ್ ದೊರೆಗಳಿಗೆ ಪಟ್ಟಾಭಿಷೇಕ ಆಗುತ್ತಿದ್ದುದು ಇಲ್ಲಿ. 1570ರಲ್ಲಿ ಒಟ್ಟೋಮನ್ನರು ಇದನ್ನು ಮಸೀದಿ ಮಾಡಿದರು. ಕಂಬಗಳ ಸಾಲು ಪೂರ್ವಕ್ಕೆ ಮುಖ ಮಾಡಿದೆ, ನೆಲದ ಜಮಖಾನದ ಪಟ್ಟೆಗಳು ಮೆಕ್ಕಾದ ದಿಕ್ಕಿಗೆ ಓರೆಯಾಗಿ ಹೋಗುತ್ತವೆ. ಮಡಿಕೇರಿ ಕೋಟೆಯೊಳಗೆ ವೀರಭದ್ರನ ಗುಡಿ ಇದ್ದ ಜಾಗದಲ್ಲಿ ಬ್ರಿಟಿಷರು ಸೇಂಟ್ ಮಾರ್ಕ್ಸ್ ಚರ್ಚು ಕಟ್ಟಿದ್ದು, ಅದೀಗ ಸರ್ಕಾರಿ ವಸ್ತು ಸಂಗ್ರಹಾಲಯವಾಗಿರುವುದು ನೆನಪಾಯಿತು. ಗುಮ್ಮಟ, ಮಿನಾರುಗಳಿರುವ ನಮ್ಮ ಓಂಕಾರೇಶ್ವರ ದೇವಾಲಯವೂ ನೆನಪಾಯಿತು. ಒಂದು ಊರಿನಲ್ಲಿ ಒಡೆದದ್ದೂ ಇರುತ್ತದೆ, ಬೆರೆತದ್ದೂ ಇರುತ್ತದೆ.

ಹತ್ತಿರದಲ್ಲೇ 1572ರ ಬುಯುಕ್ ಹಾನ್. ಒಂಟೆ, ಹೇಸರಗತ್ತೆಗಳೊಂದಿಗೆ ಬಂದ ವರ್ತಕರು ತಂಗುತ್ತಿದ್ದ ಎರಡಂತಸ್ತಿನ ಛತ್ರ. ಬ್ರಿಟಿಷರ ಕಾಲದಲ್ಲಿ ಕೆಲಕಾಲ ಜೈಲೂ ಆಗಿತ್ತು. ಚೌಕದ ನಡುವೆ ಕಂಬಗಳ ಮೇಲೆ ನಿಂತ ಪುಟ್ಟ ಮಸೀದಿ, ಸುತ್ತ ಕಮಾನಿನ ಕೋಣೆಗಳಲ್ಲಿ ಕುಸುರಿ ಕೆಲಸದವರ ಅಂಗಡಿಗಳು. ಅಂಗಳದಲ್ಲಿ ಕಾಫಿ ಕೇಳಿದೆ. ಉದ್ದ ಹಿಡಿಯ ಪುಟ್ಟ ಹಿತ್ತಾಳೆ ಪಾತ್ರೆಯಲ್ಲಿ ನುಣ್ಣಗೆ ಅರೆದ ಪುಡಿ, ನೀರು, ಸಕ್ಕರೆ ಎಲ್ಲವನ್ನೂ ಒಟ್ಟಿಗೇ ಹಾಕಿ ಸಣ್ಣ ಉರಿಗೆ ಇಡುತ್ತಾರೆ. ನೊರೆ ಏರಿ ಅಂಚಿಗೆ ಬಂದ ಕ್ಷಣ ತೆಗೆಯಬೇಕು, ಕುದಿದರೆ ಕೆಟ್ಟಿತು. ಸೋಸುವುದಿಲ್ಲ, ಚರಟ ಬಟ್ಟಲಿನ ತಳಕ್ಕೆ ಕೂರುವವರೆಗೆ ಕಾಯಬೇಕು. ಹಾಲಿಲ್ಲದ ಆ ಕಪ್ಪು ಕಾಫಿ ನಮ್ಮ ಬೆಲ್ಲದ ಕಾಫಿಯ ಹತ್ತಿರದ ನೆಂಟ. ಸಕ್ಕರೆ ಎಷ್ಟು ಎಂದು ಕುದಿಸುವ ಮೊದಲೇ ಕೇಳುತ್ತಾರೆ, ಆಮೇಲೆ ಬದಲಿಸಲಾಗದು. ಗೆರೆಯ ಎರಡೂ ಕಡೆ ಇದೇ ಪಾತ್ರೆ, ಇದೇ ಹದ.

ಎರಡೂ ಕಡೆ ಒಂದೇ ಆಗಿರುವ ಇನ್ನೊಂದು ಸಂಗತಿ ನೆಲದಡಿಯಲ್ಲಿದೆ, ಮತ್ತು ಈ ಊರಿನಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಅದೇ. ಊರು ಎರಡಾದರೂ ಇಳಿಜಾರು ಒಂದೇ. ದಕ್ಷಿಣದ ಕೊಳಚೆ ಉತ್ತರಕ್ಕೇ ಹರಿಯಬೇಕು. ಯುದ್ಧ ಮುಗಿದು ನಾಲ್ಕು ವರ್ಷವಾಗಿತ್ತಷ್ಟೆ. 1978ರಲ್ಲಿ ಗ್ರೀಕ್ ಭಾಗದ ಮೇಯರ್ ಲೆಲ್ಲೋಸ್ ಡಿಮಿಟ್ರಿಯಾದಿಸ್ ಮತ್ತು ತುರ್ಕಿ ಭಾಗದ ಮುಸ್ತಫಾ ಅಕಿಂಜಿ ಇಬ್ಬರೂ ಕೂತು ಮಾತಾಡಿ, ಇಡೀ ಊರಿಗೆ ಒಂದೇ ಒಳಚರಂಡಿ ಎಂದು ಒಪ್ಪಿದರು. ಕೊಳವೆಗಳು ಗೆರೆಯ ಅಡಿಯಲ್ಲೇ ಹಾದವು. ಶುದ್ಧೀಕರಣ ಘಟಕ ಉತ್ತರದಲ್ಲಿ ಬಂತು. ಆ ಮಾತುಕತೆಯಿಂದಲೇ ಮರುವರ್ಷ ನಿಕೋಸಿಯಾ ಮಾಸ್ಟರ್ ಪ್ಲಾನ್ ಹುಟ್ಟಿತು. ಇಬ್ಬರ ತಂಡವೂ ಸೇರಿ ಕೋಟೆಯೊಳಗಿನ ಹಳೆಯ ಮನೆಗಳನ್ನು ದುರಸ್ತಿ ಮಾಡಿದ್ದಕ್ಕೆ 2007ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಸಿಕ್ಕಿತು. ಅಕಿಂಜಿ ಮುಂದೆ ತುರ್ಕಿ ಸೈಪ್ರಿಯಾಟರ ನಾಯಕರೂ ಆದರು. ದೊಡ್ಡ ಒಪ್ಪಂದಗಳು ಮುರಿಯುತ್ತಲೇ ಬಂದಿವೆ. ದ್ವೀಪವನ್ನು ಮತ್ತೆ ಒಂದುಗೂಡಿಸುವ 2004ರ ಜನಮತಗಣನೆಯಲ್ಲಿ ತುರ್ಕರು ಒಪ್ಪಿದರು, ಗ್ರೀಕರು ಒಪ್ಪಲಿಲ್ಲ. ಚರಂಡಿಯ ಒಪ್ಪಂದ ಮಾತ್ರ ಒಂದು ದಿನವೂ ಮುರಿಯಲಾಗದ್ದು. ಕಿರೆನಿಯಾ ರಸ್ತೆ, ಕೊಯ್ಲಿನ ಹೊಲ, ಅಂಚೆಚೀಲಗಳನ್ನು ಹಿಡಿದು ತಿಮ್ಮಯ್ಯನವರ ದಂಡು ಹುಡುಕುತ್ತಿದ್ದುದು ಇಂಥ ಎಳೆಗಳನ್ನೇ.

ನಿಕೋಸಿಯಾದ ನಿಲ್ದಾಣ ಮುಚ್ಚಿರುವುದರಿಂದ ದಕ್ಷಿಣಕ್ಕೆ ಬರುವವರು ಹೆಚ್ಚಾಗಿ ಲಾರ್ನಕಾದಲ್ಲೇ ವಿಮಾನ ಇಳಿಯಬೇಕು, ಅಲ್ಲೇ ಹತ್ತಬೇಕು. ನಿಕೋಸಿಯಾದಿಂದ ಬಸ್ಸಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಲಾರ್ನಕಾ ಪಟ್ಟಣದಲ್ಲಿ ಜನರಲ್ ತಿಮ್ಮಯ್ಯ ಅವೆನ್ಯೂ ಎಂಬ ದೊಡ್ಡ ರಸ್ತೆ ಇದೆ. ಗ್ರೀಕ್ ಲಿಪಿಯಲ್ಲಿ ಬರೆದಿರುವುದರಿಂದ ನಮ್ಮ ಕಣ್ಣಿಗೆ ತಕ್ಷಣ ಗುರುತು ಸಿಗದು. ಅಲ್ಲಿನವರ ಬಾಯಲ್ಲಿ ಅದು ‘ತಿಮಾಯಾ’. ಹಿಂತಿರುಗುವ ವಿಮಾನಕ್ಕೆ ಹೊತ್ತಿದ್ದರೆ ಕೊಡಗಿನವರು ಆ ರಸ್ತೆಯಲ್ಲಿ ಒಮ್ಮೆ ನಡೆಯಬೇಕು. ಸ್ಮಾರಕವೇನೂ ಸಿಗುವುದಿಲ್ಲ, ಅಂಗಡಿ, ಮನೆ, ವಾಹನಗಳ ಭರಾಟೆ. ವಿಳಾಸ ಕೇಳಿದರೆ ಅಂಗಡಿಯವರು ಗಟ್ಟಿಯಾಗಿ ಆ ಹೆಸರು ಹೇಳಿ, ಕೈ ತೋರಿಸಿ, ಮುಂದಿನ ಗಿರಾಕಿಯ ಕಡೆ ತಿರುಗುತ್ತಾರೆ.